ವಾಹನವನ್ನು ಹಿಂದಿಕ್ಕುವ ಮುನ್ನ: ಅಡೂರಿನ ಸವಾರರು ತಿಳಿದಿರಬೇಕಾದ ನಿಯಮಗಳು

ಅಡೂರಿನಿಂದ ಕಾಸರಗೋಡಿಗಾಗಲಿ ಸುಳ್ಯದ ಕಡೆಗಾಗಲಿ ಹೊರಡುವವರು ಬಹುಮಟ್ಟಿಗೆ ಅವಲಂಬಿಸುವುದು ಚೆರ್ಕಳ–ಜಾಲ್ಸೂರು ರಾಜ್ಯ ಹೆದ್ದಾರಿಯನ್ನು. ಚೆರ್ಕಳದಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನೂ ಜಾಲ್ಸೂರಿನಲ್ಲಿ 275ನ್ನೂ ಸೇರುವ ಈ ರಸ್ತೆಯಲ್ಲಿ ಏರು, ಇಳಿಜಾರು, ತಿರುವುಗಳು ಹೆಚ್ಚು. ಬಸ್ಸು, ಲಾರಿ, ಶಾಲಾ ವಾಹನ, ಆಟೊ, ದ್ವಿಚಕ್ರ ವಾಹನಗಳೆಲ್ಲವೂ ಹಂಚಿಕೊಳ್ಳುವ ಇಂತಹ ದಾರಿಯಲ್ಲಿ ಮುಂದಿನ ವಾಹನವನ್ನು ಹಿಂದಿಕ್ಕುವುದು ಚಾಲನೆಯ ಅತ್ಯಂತ ಅಪಾಯಕಾರಿ ಕ್ರಿಯೆಗಳಲ್ಲಿ ಒಂದು.

ಈ ಕುರಿತ ನಿಯಮಗಳು ಕೇಂದ್ರ ಸರಕಾರದ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿವೆ. ಆದುದರಿಂದ ಗಡಿಯ ಈಚೆಗೂ ಆಚೆಗೂ ಅವು ಒಂದೇ. ಸಾಮಾನ್ಯವಾಗಿ ಬಲಬದಿಯಿಂದಲೇ ಹಿಂದಿಕ್ಕಬೇಕು. ಮುಂದಿನ ವಾಹನವು ಬಲಕ್ಕೆ ತಿರುಗುವ ಸೂಚನೆ ನೀಡಿ ರಸ್ತೆಯ ಮಧ್ಯಕ್ಕೆ ಸರಿದಿದ್ದರೆ ಮಾತ್ರ ಇಂತಹ ರಸ್ತೆಯಲ್ಲಿ ಎಡದಿಂದ ಸಾಗಬಹುದು. ತಿರುವು, ಏರಿನ ತುದಿ, ಕೂಡುರಸ್ತೆ, ಕಿರಿದಾದ ಸೇತುವೆ, ಪಾದಚಾರಿಗಳು ದಾಟುವ ಸ್ಥಳ, ಶಾಲಾ ಪರಿಸರ ಇಲ್ಲೆಲ್ಲ ಹಿಂದಿಕ್ಕಬಾರದು. ಮುಂದಿನ ವಾಹನವೇ ಇನ್ನೊಂದನ್ನು ಹಿಂದಿಕ್ಕುತ್ತಿರುವಾಗಲೂ ಅದು ನಿಷಿದ್ಧ.

ರಸ್ತೆಯ ನಡುವಿನ ಗೆರೆಯನ್ನು ಓದಲು ಕಲಿಯಬೇಕು. ತುಂಡು ಗೆರೆಯಿದ್ದಲ್ಲಿ, ದಾರಿ ತೆರವಾಗಿದ್ದರೆ, ದಾಟಬಹುದು. ಅಖಂಡ ಗೆರೆಯನ್ನು ದಾಟುವಂತಿಲ್ಲ. ಎರಡೂ ಜೊತೆಯಲ್ಲಿದ್ದರೆ ನಮ್ಮ ಬದಿಗೆ ಹತ್ತಿರವಿರುವ ಗೆರೆಯೇ ನಮಗೆ ಅನ್ವಯಿಸುತ್ತದೆ.

ಹಿಂದಿಕ್ಕಲು ಎಷ್ಟು ದೂರ ಬೇಕೆಂಬುದನ್ನು ಹಲವರು ಕಡಿಮೆ ಅಂದಾಜು ಮಾಡುತ್ತಾರೆ. ಗಂಟೆಗೆ 40 ಕಿ.ಮೀ. ವೇಗದ ಬಸ್ಸನ್ನು 60 ಕಿ.ಮೀ. ವೇಗದ ಕಾರು ಹಿಂದಿಕ್ಕುತ್ತದೆ ಎಂದಿಟ್ಟುಕೊಳ್ಳೋಣ. ಎರಡೂ ವಾಹನಗಳ ಉದ್ದ ಮತ್ತು ಹಿಂದೆ ಮುಂದೆ ತಲಾ 15 ಮೀಟರ್ ಅಂತರ ಸೇರಿ ಕಾರು ಸುಮಾರು 45 ಮೀಟರ್ ಹೆಚ್ಚುವರಿಯಾಗಿ ಕ್ರಮಿಸಬೇಕು. ಇದಕ್ಕೆ ಎಂಟು ಸೆಕೆಂಡು ತಗಲುತ್ತದೆ. ಅಷ್ಟರಲ್ಲಿ ಕಾರು ಸುಮಾರು 135 ಮೀಟರ್ ಸಾಗಿರುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ವಾಹನವೂ ಅಷ್ಟೇ ದೂರ ಬಂದಿರುತ್ತದೆ. ಅಂದರೆ ಕನಿಷ್ಠ 270 ಮೀಟರ್ ರಸ್ತೆ ಸ್ಪಷ್ಟವಾಗಿ ಕಾಣುತ್ತಿರಬೇಕು. ಅಷ್ಟು ಕಾಣದಿದ್ದರೆ ಕಾಯುವುದೇ ಜಾಣತನ. ಮಳೆಗಾಲದಲ್ಲಿ ಈ ಅಂತರವನ್ನು ಇನ್ನೂ ಹೆಚ್ಚಿಸಬೇಕು.

ಕ್ರಮ ಹೀಗಿದೆ: ಮುಂದಿನ ವಾಹನಕ್ಕೆ ಅಂಟಿಕೊಳ್ಳದೆ ಹಿಂದೆ ನಿಂತು ದಾರಿ ನೋಡಿರಿ. ಕನ್ನಡಿಯಲ್ಲಿ ಹಿಂಬದಿಯನ್ನು ಗಮನಿಸಿ, ಬಲದ ಇಂಡಿಕೇಟರ್ ಹಾಕಿ, ಹಾರ್ನ್‌ನಿಂದ ಎಚ್ಚರಿಸಿರಿ. ದಾಟಿದ ಮೇಲೆ ಆ ವಾಹನವು ಕನ್ನಡಿಯಲ್ಲಿ ಪೂರ್ತಿ ಕಂಡ ಬಳಿಕವೇ ಎಡಕ್ಕೆ ಬನ್ನಿರಿ. ಮುಂದಿನ ಚಾಲಕ ಬಲದ ದೀಪ ಮಿನುಗಿಸಿದರೆ ಅದು ‘ಮುಂದೆ ಹೋಗಿ’ ಎಂಬ ಸನ್ನೆಯೆಂದು ನಂಬಬಾರದು. ಆತ ಬಲಕ್ಕೆ ತಿರುಗುವವನೂ ಆಗಿರಬಹುದು. ನಿಂತ ಶಾಲಾ ಬಸ್ಸಿನ ಮುಂದಿನಿಂದ ಮಗುವೊಂದು ಓಡಿಬರಬಹುದೆಂಬ ಎಚ್ಚರ ಸದಾ ಇರಲಿ.

ಹಿಂದಿಕ್ಕಿಸಿಕೊಳ್ಳುವವರಿಗೂ ಕರ್ತವ್ಯವಿದೆ. ವೇಗ ಹೆಚ್ಚಿಸಿ ಸ್ಪರ್ಧೆಗಿಳಿಯುವುದು ನಿಯಮಬಾಹಿರ. ಎಡಕ್ಕೆ ಸರಿದು ದಾರಿ ಬಿಡಬೇಕು.

ಕಾನೂನುಬಾಹಿರವಾಗಿ ಹಿಂದಿಕ್ಕುವುದನ್ನು 2019ರ ತಿದ್ದುಪಡಿಯು ಮೋಟಾರು ವಾಹನ ಕಾಯಿದೆಯ 184ನೇ ಸೆಕ್ಷನ್‌ನ ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಸೇರಿಸಿದೆ. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಗಡಿನಾಡಿನ ಎಚ್ಚರಿಕೆ ಫಲಕಗಳ ಬರಹ ಕನ್ನಡದಲ್ಲಿಯೂ ಇರಬೇಕೆಂಬ ನಮ್ಮ ಬೇಡಿಕೆ ನ್ಯಾಯವಾದುದು. ಅಪಾಯದ ಸೂಚನೆ ಓದುವವನ ಭಾಷೆಯಲ್ಲಿರಬೇಕು. ಆದರೆ ರಸ್ತೆಯ ಗೆರೆಗೂ ಚಿತ್ರ ಸಂಕೇತಕ್ಕೂ ಭಾಷೆಯಿಲ್ಲ. ಅವುಗಳನ್ನು ಅರಿಯಲಿಲ್ಲವೆಂಬ ನೆಪ ಯಾರಿಗೂ ಸಲ್ಲದು. ಎಂಟು ಸೆಕೆಂಡಿನ ಆತುರಕ್ಕಿಂತ ಮನೆಯಲ್ಲಿ ಕಾಯುತ್ತಿರುವವರು ದೊಡ್ಡವರು.