ಮೂರು ಅಗಲಿಕೆಗಳು: ಪಕ್ಷನಾಯಕತ್ವ ಮತ್ತು ಚುನಾವಣೆ, ೧೯೭೭–೧೯೮೦

ರಾಜಕೀಯ ಪಕ್ಷವೊಂದರ ನಾಯಕರು ಜನರ ಅಪ್ರೀತಿಗೆ ಗುರಿಯಾದಾಗ ಅವರ ಅನುಯಾಯಿಗಳ ಮುಂದೆ ಎರಡು ದಾರಿಗಳಿರುತ್ತವೆ. ನಾಯಕರೊಡನೆ ನಿಂತು ಬರಲಿರುವ ಸೋಲಿನಲ್ಲಿ ಪಾಲುಗೊಳ್ಳುವುದು ಒಂದು. ಮತದಾನಕ್ಕೆ ಮೊದಲೇ ಅವರಿಂದ ದೂರ ಸರಿದು ತಮ್ಮನ್ನು ಉಳಿಸಿಕೊಳ್ಳುವುದು ಮತ್ತೊಂದು. ಎರಡನೆಯ ದಾರಿ ಹಿಡಿದವರನ್ನು ಗಾಳಿ ಬಂದಾಗ ತೂರಿಕೊಂಡವರೆಂದು ಜರೆಯುವುದು ವಾಡಿಕೆ. ಆದರೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂಬುದನ್ನು ಅವರು ಸರಿಯಾಗಿ ಅರಿತಿದ್ದರೇ, ಅವರ ಅಗಲಿಕೆಯನ್ನು ಮತದಾರರು ಯಾವ ಅಳತೆಯಿಂದ ಅಳೆದರು ಎಂಬ ಪ್ರಶ್ನೆಗಳು ವಿಚಾರಾರ್ಹವಾದುವು. ೧೯೭೭ರಿಂದ ೧೯೮೦ರವರೆಗಿನ ಮೂರು ವರ್ಷಗಳಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರಿಂದ ಅವರ ಸಹೋದ್ಯೋಗಿಗಳು ಮೂರು ಸಲ ದೂರ ಸರಿದರು. ನಾಯಕರು ಒಬ್ಬರೇ, ಪಕ್ಷದ ಮೂಲವೂ ಒಂದೇ, ಆದರೆ ಫಲ ಮೂರು ಸಲವೂ ಬೇರೆಬೇರೆಯಾಯಿತು. ಈ ವ್ಯತ್ಯಾಸದ ಕಾರಣಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಮೂರರಲ್ಲಿ ಎರಡರ ನಿರ್ಣಯವು ಮುಖ್ಯವಾಗಿ ಕರ್ಣಾಟಕದಲ್ಲಿಯೇ ಆದುದರಿಂದ ಈ ವಿಷಯ ನಮ್ಮ ನಾಡಿನ ಇತಿಹಾಸಕ್ಕೂ ಸೇರಿದುದಾಗಿದೆ.

೧

೧೯೭೫ನೆಯ ಜೂನ್ ೧೨ರಂದು ಅಲಹಾಬಾದಿನ ಉಚ್ಚ ನ್ಯಾಯಾಲಯವು ರಾಯಬರೇಲಿಯಿಂದ ಇಂದಿರಾ ಗಾಂಧಿಯವರು ಪಡೆದಿದ್ದ ಆಯ್ಕೆಯನ್ನು ರದ್ದುಪಡಿಸಿತು. ಅದೇ ತಿಂಗಳ ೨೫ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯನ್ನು ಘೋಷಿಸಿದರು. ಮಂತ್ರಿಮಂಡಲದ ಸಮ್ಮತಿ ದೊರೆತುದು ಘೋಷಣೆಯಾದ ಮೇಲೆ, ಮರುದಿನದ ಬೆಳಗಿನಲ್ಲಿ. ಹಿಂದಿನ ರಾತ್ರಿ ನಡೆದುದನ್ನು ಆಗ ತಿಳಿದ ಹಿರಿಯ ಸಚಿವರಲ್ಲಿ ಯಾರೂ ರಾಜೀನಾಮೆ ಕೊಡಲಿಲ್ಲ. ಜುಲೈ ೨೧ರಂದು ಲೋಕಸಭೆಯಲ್ಲಿ ಆ ಘೋಷಣೆಗೆ ಅನುಮೋದನೆಯನ್ನು ಕೋರುವ ನಿರ್ಣಯವನ್ನು ಮಂಡಿಸಿದವರು ಶ್ರೀ ಜಗಜೀವನರಾಮರು. ಮುಂದಿನ ಘಟನೆಗಳನ್ನು ತೂಗುವಾಗ ಈ ಸಂಗತಿಯನ್ನು ಮರೆಯಲಾಗದು.

೧೯೭೭ನೆಯ ಜನವರಿ ೧೮ರಂದು ಪ್ರಧಾನಿಯವರು ಚುನಾವಣೆಯನ್ನು ಸಾರಿದರು. ಸೆರೆಯಲ್ಲಿದ್ದ ನಾಯಕರು ಬಿಡುಗಡೆ ಹೊಂದಿದರು. ಕೆಲವೇ ದಿನಗಳಲ್ಲಿ ಜನತಾ ಪಕ್ಷವು ರೂಪುಗೊಂಡಿತು. ಆದರೂ ಆಳುವ ಪಕ್ಷ ಸೋತೀತೆಂಬ ನಂಬಿಕೆ ಆ ತಿಂಗಳ ಕೊನೆಯವರೆಗೆ ದೃಢವಾಗಿರಲಿಲ್ಲ. ಫೆಬ್ರವರಿ ೨ರಂದು ಜಗಜೀವನರಾಮರು ಮಂತ್ರಿಪದವಿಯನ್ನೂ ಕಾಂಗ್ರೆಸ್ಸನ್ನೂ ತ್ಯಜಿಸಿದರು. ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಶ್ರೀ ಹೇಮವತೀನಂದನ ಬಹುಗುಣ, ಒರಿಸ್ಸದ ಮುಖ್ಯಮಂತ್ರಿಯಾಗಿದ್ದ ಶ್ರೀಮತಿ ನಂದಿನಿ ಸತ್ಪತಿ ಇವರೂ ಜೊತೆಗೂಡಿದರು. ‘ಪ್ರಜಾಪ್ರಭುತ್ವಕ್ಕಾಗಿ ಕಾಂಗ್ರೆಸ್’ ಎಂಬ ಹೊಸ ಪಕ್ಷವನ್ನು ಕಟ್ಟಿ ಇವರು ಜನತಾ ಪಕ್ಷದೊಡನೆ ಹೊಂದಾಣಿಕೆ ಮಾಡಿಕೊಂಡರು.

ಇಪ್ಪತ್ತು ತಿಂಗಳಿಗೂ ಸಮೀಪದ ಕಾಲ ಸರಕಾರದಲ್ಲಿದ್ದು, ಅದರ ಮುಖ್ಯ ನಿರ್ಣಯವನ್ನು ತಾವೇ ಮಂಡಿಸಿದವರು ಈ ರೀತಿ ಹೊರಬಂದುದನ್ನು ಮತದಾರರು ಏಕೆ ಒಪ್ಪಿದರು? ಎರಡು ಕಾರಣಗಳು ಕಾಣುತ್ತವೆ. ಮೊದಲನೆಯದಾಗಿ, ಫೆಬ್ರವರಿ ೨ರಂದು ತುರ್ತು ಪರಿಸ್ಥಿತಿಯನ್ನು ಸಡಿಲಿಸಿದ್ದರೇ ಹೊರತು ರದ್ದುಗೊಳಿಸಿರಲಿಲ್ಲ. ಅದು ರದ್ದಾದುದು ಮಾರ್ಚ್ ೨೧ರಂದು, ಫಲಿತಾಂಶಗಳು ಬಂದ ಮೇಲೆ. ಆದುದರಿಂದ ಆ ದಿನ ಪಕ್ಷ ಬಿಟ್ಟವರು ಕೈಯಲ್ಲಿದ್ದ ಅಧಿಕಾರವನ್ನು ಬಿಟ್ಟು, ಇನ್ನೂ ಜಾರಿಯಲ್ಲಿದ್ದ ಭಯವನ್ನು ಎದುರಿಸಬೇಕಾಗಿದ್ದಿತು. ಎರಡನೆಯದಾಗಿ, ಜಗಜೀವನರಾಮರು ಪರಿಶಿಷ್ಟ ಜಾತಿಗಳ ಜನರಲ್ಲಿ ದೀರ್ಘಕಾಲದಿಂದ ತಮ್ಮದೇ ಆದ ಗೌರವವನ್ನು ಪಡೆದಿದ್ದರು. ಬಿಹಾರದ ಸಾಸಾರಾಮ್ ಕ್ಷೇತ್ರ ಅವರನ್ನು ಆರಿಸುತ್ತಿದ್ದುದು ದಿಲ್ಲಿಯ ಯಾವ ನಾಯಕರ ಕೃಪೆಯಿಂದಲೂ ಅಲ್ಲ.

ಮಾರ್ಚ್ ೧೬ರಿಂದ ೨೦ರವರೆಗೆ ನಡೆದ ಮತದಾನದಲ್ಲಿ ಕಾಂಗ್ರೆಸ್ಸಿಗೆ ದೊರೆತುವು ೧೫೪ ಸ್ಥಾನಗಳು. ಉತ್ತರ ಪ್ರದೇಶದ ೮೫ರಲ್ಲಿಯಾಗಲಿ ಬಿಹಾರದ ೫೪ರಲ್ಲಿಯಾಗಲಿ ಒಂದೂ ಅದಕ್ಕೆ ಸಿಕ್ಕಲಿಲ್ಲ. ರಾಯಬರೇಲಿಯಲ್ಲಿ ಪ್ರಧಾನಿಯವರೇ ಶ್ರೀ ರಾಜನಾರಾಯಣರೆದುರು ಸುಮಾರು ೫೫,೦೦೦ ಮತಗಳಿಂದ ಪರಾಜಿತರಾದರು. ದೂರ ಸರಿದವರ ಎಣಿಕೆ ಈ ಸಲ ಸರಿಯಾಗಿತ್ತು.

೨

ಇದೇ ಚುನಾವಣೆಯಲ್ಲಿ ದಕ್ಷಿಣದ ತೀರ್ಪು ಬೇರೆಯಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಆಂಧ್ರ ಪ್ರದೇಶದ ೪೨ ಸ್ಥಾನಗಳಲ್ಲಿ ೪೧ನ್ನೂ, ಕರ್ಣಾಟಕದ ೨೮ರಲ್ಲಿ ೨೬ನ್ನೂ ಕಾಂಗ್ರೆಸ್ ಗೆದ್ದಿತು. ಕರ್ಣಾಟಕವು ತುರ್ತು ಪರಿಸ್ಥಿತಿಯನ್ನು ಅರಿಯದ ನಾಡೇನೂ ಅಲ್ಲ. ವಿರೋಧ ಪಕ್ಷಗಳ ಅಖಿಲ ಭಾರತ ನಾಯಕರು ಹಲವರು ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಅಲ್ಲಿ ಬಂಧಿತರಾಗಿದ್ದ ಕಲಾವಿದೆ ಶ್ರೀಮತಿ ಸ್ನೇಹಲತಾ ರೆಡ್ಡಿಯವರು ಬಿಡುಗಡೆಯಾದ ಸ್ವಲ್ಪ ದಿನಗಳಲ್ಲೇ, ೧೯೭೭ರ ಜನವರಿಯಲ್ಲಿ, ತೀರಿಕೊಂಡರು. ಆದರೆ ಉತ್ತರದ ಹಳ್ಳಿಹಳ್ಳಿಗಳನ್ನು ಕಲಕಿದ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಹಾವಳಿ ಇಲ್ಲಿ ಅಷ್ಟು ಉಗ್ರವಾಗಿರಲಿಲ್ಲ. ೧೯೭೬–೭೭ರ ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದ ಇಂಥ ಶಸ್ತ್ರಚಿಕಿತ್ಸೆಗಳ ಸಂಖ್ಯೆ ೮೦ ಲಕ್ಷವನ್ನು ಮೀರಿದ್ದಿತು. ಅದರ ಕಹಿಯನ್ನು ಹೆಚ್ಚಾಗಿ ಉಂಡುದು ಉತ್ತರ ಭಾರತ.

ಇದರ ಜೊತೆಗೆ ಕರ್ಣಾಟಕದ ಗ್ರಾಮಾಂತರದಲ್ಲಿ ಆ ವರ್ಷಗಳ ನೆನಪು ಬೇರೆ ಬಗೆಯದು. ಶ್ರೀ ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಶಾಸನವು ೧೯೭೪ನೆಯ ಮಾರ್ಚ್ ೧ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ತಾಲ್ಲೂಕಿನ ಭೂನ್ಯಾಯಮಂಡಲಿಯ ಮುಂದೆ ಅರ್ಜಿ ಹಿಡಿದು ನಿಂತ ಗೇಣಿದಾರನು ಉಳುವ ನೆಲಕ್ಕೆ ಒಡೆಯನಾಗುವ ಅವಕಾಶವನ್ನು ಪಡೆದನು. ಶ್ರೀ ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗವು ೧೯೭೫ರಲ್ಲಿ ವರದಿಯನ್ನು ಒಪ್ಪಿಸಿತು. ಅದನ್ನು ಆಧರಿಸಿದ ಸರಕಾರದ ಆಜ್ಞೆ ೧೯೭೭ರ ಫೆಬ್ರವರಿಯಲ್ಲಿ, ಎಂದರೆ ಚುನಾವಣೆಯ ಹೊಸ್ತಿಲಲ್ಲಿ, ಹೊರಬಿದ್ದಿತು. ಹೀಗೆ ದಿಲ್ಲಿಯಲ್ಲಿ ಅಪಖ್ಯಾತಿಯಾದ ಹೆಸರೇ ಇಲ್ಲಿನ ಅನೇಕ ಬಡ ಮನೆಗಳಲ್ಲಿ ಉಪಕಾರದ ಹೆಸರಾಗಿ ಉಳಿಯಿತು. ನಾಯಕರೊಬ್ಬರ ಅಪ್ರಿಯತೆಯನ್ನು ಇಡೀ ದೇಶಕ್ಕೆ ಒಂದೇ ಅಳತೆಯಿಂದ ಅಳೆಯಲಾಗದೆಂಬ ಪಾಠ ಇದರಲ್ಲಿದ್ದಿತು. ಅದನ್ನು ಆಗ ಗಮನಿಸಿದವರು ಕೆಲವರೇ.

೩

ಸೋಲಿನ ತರುವಾಯ, ೧೯೭೭ರ ಮೇ ತಿಂಗಳಿನಲ್ಲಿ, ಶ್ರೀ ಕಾಸು ಬ್ರಹ್ಮಾನಂದ ರೆಡ್ಡಿಯವರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕತ್ವ ಶ್ರೀ ಯಶವಂತರಾವ್ ಚವಾಣರದಾಯಿತು. ಇಬ್ಬರೂ ತುರ್ತು ಪರಿಸ್ಥಿತಿಯ ಕಾಲದ ಹಿರಿಯ ಕೇಂದ್ರ ಸಚಿವರೇ. ಅದೇ ತಿಂಗಳಿನಲ್ಲಿ ನೇಮಕವಾದ ನ್ಯಾಯಮೂರ್ತಿ ಜೆ. ಸಿ. ಷಾ ಆಯೋಗದ ಮುಂದೆ ಹಿಂದಿನ ಸರಕಾರದ ಅಕ್ರಮಗಳು ಒಂದೊಂದಾಗಿ ಹೊರಬೀಳತೊಡಗಿದುವು. ಕೈಗಾರಿಕಾ ಸಚಿವರಾಗಿದ್ದ ನಮ್ಮ ನಾಡಿನ ಶ್ರೀ ಟಿ. ಎ. ಪೈಯವರು ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಮಾರುತಿ ಕಾರ್ಖಾನೆಯ ಬಗೆಗೆ ಸಂಸತ್ತಿನ ಪ್ರಶ್ನೆಗೆ ಉತ್ತರ ಕೊಡಲೆಂದು ವಿವರ ಸಂಗ್ರಹಿಸಿದ ಅಧಿಕಾರಿಗಳು ಕಿರುಕುಳಕ್ಕೆ ಗುರಿಯಾದ ವಿಷಯ ಅದರಲ್ಲಿ ಮುಖ್ಯವಾದುದು. ಇಂದಿರಾ ಗಾಂಧಿಯವರೊಡನೆ ಕಾಣಿಸಿಕೊಳ್ಳುವುದೇ ಪಕ್ಷಕ್ಕೆ ಹಾನಿಕರವೆಂಬ ಅಭಿಪ್ರಾಯ ಹಿರಿಯ ಕಾಂಗ್ರೆಸ್ಸಿಗರಲ್ಲಿ ಬೆಳೆಯಿತು.

೧೯೭೮ನೆಯ ಜನವರಿಯ ಮೊದಲ ದಿನಗಳಲ್ಲಿ ದಿಲ್ಲಿಯಲ್ಲಿ ಸೇರಿದ ಸಮ್ಮೇಳನವೊಂದು ಇಂದಿರಾ ಗಾಂಧಿಯವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ರೆಡ್ಡಿಯವರ ಪಕ್ಷವು ಅವರನ್ನು ಉಚ್ಚಾಟಿಸಿತು. ಎದುರಿಗೆ ಫೆಬ್ರವರಿಯ ವಿಧಾನಸಭಾ ಚುನಾವಣೆಗಳಿದ್ದುವು. ಹಸು-ಕರುವಿನ ಹಳೆಯ ಚಿಹ್ನೆಯೂ ಹಿರಿಯ ಮುಖಂಡರಲ್ಲಿ ಬಹುಮಂದಿಯೂ ರೆಡ್ಡಿಯವರ ಕಡೆಗೆ ಉಳಿದರು. ಇಂದಿರಾ ಕಾಂಗ್ರೆಸ್ಸು ‘ಹಸ್ತ’ವೆಂಬ ಹೊಸ ಗುರುತನ್ನು ಹಿಡಿದು ಜನರೆದುರು ಹೋಗಬೇಕಾಯಿತು. ಕರ್ಣಾಟಕದಲ್ಲಿ ಅರಸರ ಸರಕಾರವನ್ನು ೧೯೭೭ನೆಯ ಡಿಸೆಂಬರ್ ೩೧ರಂದು ವಜಾಮಾಡಿ ರಾಷ್ಟ್ರಪತಿ ಆಳ್ವಿಕೆಯನ್ನು ಜಾರಿಗೊಳಿಸಲಾಗಿದ್ದಿತು. ಅರಸರು ಇಂದಿರಾ ಗಾಂಧಿಯವರೊಡನೆ ನಿಂತರು. ನೆರೆಯ ಆಂಧ್ರದ ಮುಖ್ಯಮಂತ್ರಿ ಶ್ರೀ ಜಲಗಂ ವೆಂಗಳರಾಯರು ರೆಡ್ಡಿಯವರೊಡನೆ ಉಳಿದರು.

ಫಲವನ್ನು ಅಂಕಿಗಳೇ ಹೇಳುತ್ತವೆ. ಕರ್ಣಾಟಕದ ೨೨೪ ಸ್ಥಾನಗಳಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ೧೪೯, ಜನತಾ ಪಕ್ಷಕ್ಕೆ ೫೯, ರೆಡ್ಡಿ ಕಾಂಗ್ರೆಸ್ಸಿಗೆ ಕೇವಲ ೨. ಆಂಧ್ರದ ೨೯೪ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ ೧೭೫, ಆಳುತ್ತಿದ್ದ ಮುಖ್ಯಮಂತ್ರಿಯ ಕಾಂಗ್ರೆಸ್ಸಿಗೆ ೩೦. ಚವಾಣರ ಪ್ರಭಾವವಿದ್ದ ಮಹಾರಾಷ್ಟ್ರದಲ್ಲಿ ಮಾತ್ರ ೬೯ ಮತ್ತು ೬೨ ಎಂದು ಎರಡು ಬಣಗಳೂ ಸರಿಸಮವಾಗಿ ನಿಂತು, ಕೊನೆಗೆ ಕೂಡಿಯೇ ಸರಕಾರ ರಚಿಸಬೇಕಾಯಿತು.

ಮೊದಲ ಅಗಲಿಕೆಗೆ ದೊರೆತ ಮನ್ನಣೆ ಎರಡನೆಯದಕ್ಕೆ ದಕ್ಷಿಣದಲ್ಲಿ ದೊರೆಯದಿರಲು ಕಾರಣ ಸ್ಪಷ್ಟವಾಗಿದೆ. ೧೯೭೮ರಲ್ಲಿ ದೂರ ಸರಿದವರು ತ್ಯಜಿಸಬೇಕಾದ ಅಧಿಕಾರ ದಿಲ್ಲಿಯಲ್ಲಿ ಉಳಿದಿರಲಿಲ್ಲ. ಅಧಿಕಾರವಿದ್ದಾಗ ಮೌನವಾಗಿದ್ದು, ಅದು ಹೋದ ಮೇಲೆ ಮಾತನಾಡಿದವರನ್ನು ನಮ್ಮ ಜನ ಉಂಡ ಮನೆಯ ಜಂತೆ ಎಣಿಸುವವರೆಂದು ಕರೆಯುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಉತ್ತರದ ಅಪ್ರಿಯತೆಯನ್ನು ಕಂಡು ಅವರು ದಕ್ಷಿಣದ ಚುನಾವಣೆಗೆ ಸಿದ್ಧರಾದರು. ದಕ್ಷಿಣದ ಮತದಾರನಾದರೋ ತನಗೆ ಬೇಡವಾಗದಿದ್ದ ನಾಯಕಿಯನ್ನು ಅವರ ಅನುಯಾಯಿಗಳೇ ಕೈಬಿಟ್ಟುದನ್ನು ಕಂಡನು.

ಅದೇ ವರ್ಷದ ನವೆಂಬರಿನಲ್ಲಿ ಶ್ರೀ ಡಿ. ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರು ಕ್ಷೇತ್ರದಿಂದ ಇಂದಿರಾ ಗಾಂಧಿಯವರು ಲೋಕಸಭೆಯ ಉಪಚುನಾವಣೆಗೆ ನಿಂತರು. ಎದುರಾಳಿಯಾಗಿ ಜನತಾ ಪಕ್ಷದಿಂದ ನಿಂತವರು ಮಾಜಿ ಮುಖ್ಯಮಂತ್ರಿ ಶ್ರೀ ವೀರೇಂದ್ರ ಪಾಟೀಲರು. ಇಂದಿರಾ ಗಾಂಧಿಯವರು ೭೭,೦೦೦ಕ್ಕೂ ಮಿಗಿಲಾದ ಅಂತರದಿಂದ ಗೆದ್ದರು.

೪

ಮೂರನೆಯ ಅಗಲಿಕೆ ಅರಸರದು. ಚಿಕ್ಕಮಗಳೂರಿನ ಗೆಲುವನ್ನು ಸಾಧ್ಯವಾಗಿಸಿದವರೇ ಏಳೆಂಟು ತಿಂಗಳ ಬಳಿಕ ಪಕ್ಷದಿಂದ ಹೊರಗಾದರು. ಮುಖ್ಯಮಂತ್ರಿಯಾಗಿದ್ದುಕೊಂಡೇ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷ ಪದವಿಯನ್ನೂ ಹೊಂದಿರಬಹುದೇ ಎಂಬುದು ಮೇಲ್ನೋಟದ ವಿವಾದ. ಶ್ರೀ ಸಂಜಯ ಗಾಂಧಿಯವರ ಪ್ರಭಾವ ಪಕ್ಷದಲ್ಲಿ ಮರಳಿ ಬೆಳೆಯುತ್ತಿದ್ದುದಕ್ಕೆ ಅರಸರ ವಿರೋಧವೂ ಅದರ ಹಿಂದಿದ್ದಿತು. ೧೯೭೯ರ ಜೂನ್ ತಿಂಗಳಿನಲ್ಲಿ ಒಡಕು ಪೂರ್ಣವಾಯಿತು. ಶಾಸಕರಲ್ಲಿ ಬಹುಸಂಖ್ಯಾತರು ಅರಸರೊಡನೆ ಉಳಿದುದರಿಂದ ಸರಕಾರ ಬೀಳಲಿಲ್ಲ. ಅರಸರು ಇನ್ನೊಂದು ಕಾಂಗ್ರೆಸ್ಸನ್ನು ಸೇರಿ ಅದರ ಅಧ್ಯಕ್ಷರಾದರು. ಆ ಪಕ್ಷಕ್ಕೆ ಅವರ ಹೆಸರೇ ನಿಂತಿತು. ಜುಲೈಯಲ್ಲಿ ಶ್ರೀ ಮೊರಾರ್ಜಿ ದೇಸಾಯಿಯವರ ಸರಕಾರವೂ, ಆಗಸ್ಟಿನಲ್ಲಿ ಶ್ರೀ ಚರಣಸಿಂಗರ ಸರಕಾರವೂ ರಾಜೀನಾಮೆ ಕೊಡಲಾಗಿ, ಚುನಾವಣೆ ಅನಿರೀಕ್ಷಿತವಾಗಿ ಬಳಿಸಾರಿತು.

೧೯೮೦ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ಸು ದೇಶದಲ್ಲಿ ೩೫೩ ಸ್ಥಾನಗಳನ್ನೂ, ಕರ್ಣಾಟಕದ ೨೮ರಲ್ಲಿ ೨೭ನ್ನೂ ಗೆದ್ದಿತು. ಅರಸು ಕಾಂಗ್ರೆಸ್ಸಿಗೆ ದೇಶದಲ್ಲೆಲ್ಲ ೧೩ ಸ್ಥಾನಗಳು ಬಂದುವು; ಅವುಗಳಲ್ಲಿ ಕರ್ಣಾಟಕದ್ದು ಒಂದೂ ಇರಲಿಲ್ಲ. ಜೂನಿನಲ್ಲಿ ಅರಸರೊಡನೆ ನಿಂತಿದ್ದ ಶಾಸಕರು ಜನವರಿಯಲ್ಲಿ ಸಾಲುಸಾಲಾಗಿ ಆಚೆಗೆ ನಡೆದರು. ಅರಸರು ರಾಜೀನಾಮೆ ಕೊಟ್ಟರು, ಶ್ರೀ ಆರ್. ಗುಂಡೂರಾಯರು ಮುಖ್ಯಮಂತ್ರಿಯಾದರು.

ಅರಸರು ಬಿಟ್ಟುಬಂದುದು ಸೋತ ನಾಯಕತ್ವವನ್ನಲ್ಲ, ಏರುತ್ತಿದ್ದ ನಾಯಕತ್ವವನ್ನು. ಆದುದರಿಂದ ಅವರನ್ನು ಅವಕಾಶವಾದಿಯೆಂದು ಕರೆಯುವುದು ಸಲ್ಲದು. ಅವರು ಎಡವಿದುದು ಬೇರೆ ಕಡೆ. ಗೇಣಿದಾರನಿಗೆ ನೆಲವನ್ನೂ, ಹಿಂದುಳಿದವರಿಗೆ ಸ್ಥಾನವನ್ನೂ ದೊರಕಿಸಿದ ಕೆಲಸ ಅವರ ಸರಕಾರದ್ದು. ಆದರೆ ಏಳು ವರ್ಷಗಳ ಕಾಲ ಆ ಕೆಲಸದ ಪುಣ್ಯವನ್ನು ಅವರೇ ವೇದಿಕೆ ವೇದಿಕೆಯ ಮೇಲೆ ಇಂದಿರಾ ಗಾಂಧಿಯವರ ಹೆಸರಿಗೆ ಒಪ್ಪಿಸುತ್ತ ಬಂದಿದ್ದರು. ಆ ಹೆಸರಿನಲ್ಲಿ ಕೂಡಿಟ್ಟ ವಿಶ್ವಾಸವನ್ನು ಆರು ತಿಂಗಳಲ್ಲಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಅವರಿಂದಾಗಲಿಲ್ಲ.

೫

ಮೂರು ಪ್ರಸಂಗಗಳನ್ನೂ ಒಟ್ಟಿಗೆ ನೋಡಿದರೆ, ದೂರ ಸರಿದವರನ್ನು ಮತದಾರರು ಮೂರು ಮಾತುಗಳನ್ನು ಕೇಳುತ್ತಾರೆಂದು ಹೇಳಬಹುದು. ಯಾವಾಗ ಬಿಟ್ಟಿರಿ? ಬಿಡುವಾಗ ಏನನ್ನು ಕಳೆದುಕೊಂಡಿರಿ? ನಿಮಗೆ ಬರುತ್ತಿದ್ದ ಮತ ಯಾರ ಹೆಸರಿನದು? ಜಗಜೀವನರಾಮರು ಮೂರಕ್ಕೂ ಉತ್ತರ ಕೊಡಬಲ್ಲವರಾಗಿದ್ದರು. ರೆಡ್ಡಿಯವರ ಬಣ ಮೊದಲಿನ ಎರಡಕ್ಕೆ ಉತ್ತರ ಕೊಡಲಾರದೆ ಹೋಯಿತು. ಅರಸರು ಮೊದಲಿನ ಎರಡನ್ನು ಧೈರ್ಯದಿಂದ ಎದುರಿಸಿ ಮೂರನೆಯದರಲ್ಲಿ ಸೋತರು.

ಅಗಲಿದವರಲ್ಲಿ ಹಲವರು ಮರಳಿ ಬಂದರೆಂಬುದನ್ನೂ ದಾಖಲಿಸಬೇಕು. ಬಹುಗುಣರು ೧೯೮೦ರ ಚುನಾವಣೆಗೆ ಮೊದಲೇ ಇಂದಿರಾ ಕಾಂಗ್ರೆಸ್ಸಿಗೆ ಹಿಂತಿರುಗಿ, ಕೆಲವೇ ತಿಂಗಳಲ್ಲಿ ಮತ್ತೆ ಹೊರಬಿದ್ದರು. ಚವಾಣರೂ ಬ್ರಹ್ಮಾನಂದ ರೆಡ್ಡಿಯವರೂ ಮುಂದೆ ಅಲ್ಲಿಗೇ ಮರಳಿದರು. ಅರಸರು ಮರಳಲಿಲ್ಲ, ೧೯೮೨ನೆಯ ಜೂನ್ ೬ರಂದು ಅವರು ನಿಧನರಾದರು.

ಇನ್ನು ಚುನಾವಣೆಯ ತೀರ್ಪೇ ಇತಿಹಾಸದ ತೀರ್ಪೆಂದು ತಿಳಿಯಲಾಗದು. ಪೈಯವರಂಥವರ ಸಾಕ್ಷ್ಯ ತಡವಾಗಿ ಬಂದುದೇ ಆದರೂ, ಅದಿಲ್ಲದೆ ಆ ಕಾಲದ ಆಡಳಿತವನ್ನು ಕುರಿತ ನಮ್ಮ ತಿಳಿವಳಿಕೆ ಅಷ್ಟರಮಟ್ಟಿಗೆ ಬಡವಾಗುತ್ತಿದ್ದಿತು. ಹಾಗೆಯೇ, ೧೯೭೭ರ ಫೆಬ್ರವರಿಯ ರಾಜೀನಾಮೆಯು ೧೯೭೫ರ ಜುಲೈಯ ನಿರ್ಣಯವನ್ನು ಅಳಿಸಿಹಾಕುವುದಿಲ್ಲ. ಒಂದೇ ವ್ಯಕ್ತಿಯ ಈ ಎರಡು ಕಾರ್ಯಗಳನ್ನೂ ಇತಿಹಾಸಕಾರನು ಅವುಗಳ ದಿನಾಂಕದೊಡನೆ ಪಕ್ಕಪಕ್ಕದಲ್ಲಿ ಇರಿಸಬೇಕು. ಅವೆರಡರ ನಡುವೆ ಕಳೆದ ಒಂದೂವರೆ ವರ್ಷದಲ್ಲಿ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರ ಲೆಕ್ಕಕ್ಕೆ, ಅಧಿಕಾರದಲ್ಲಿ ಉಳಿದು ಮೌನವಾಗಿದ್ದ ಪ್ರತಿಯೊಬ್ಬ ಸಚಿವರೂ ಉತ್ತರವಾದಿಗಳು.