ಎಲ್ಲಾರೂ ನಕ್ರು, ಒಬ್ಬಾಂವ ಕಾಲು ನೋಡಿದ

ಹಲ್ಲು ಕೀಳಸೋದು ಅಂದ್ರ ನಮ್ಮೆಲ್ಲಾರಿಗೂ ಅಂಜಿಕಿ ಇದ್ದದ್ದ ನೋಡ್ರಿ. ಆದ್ರ ಈಗ ಡಾಕ್ಟರು ಒಂದು ಸೂಜಿ ಚುಚ್ಚತಾರ, ದವಡಿ ಜೋಮು ಹಿಡೀತದ, ಹಲ್ಲು ಕಿತ್ತು ಕೈಯಾಗ ಕೊಟ್ಟಮ್ಯಾಲೆನ ನಮಗ ಗೊತ್ತಾಗ್ತದ. ನೋವು ಮರೆಸೋ ಈ ವಿದ್ಯಾ ಎಲ್ಲಿಂದ ಶುರು ಆತು ಅಂತ ಕೇಳಿದ್ರ ಮದಲ ನಗು ಬರ್ತದ, ಆಮ್ಯಾಲೆ ಸಂಕಟ ಆಗ್ತದ. ಯಾಕಂದ್ರ ಇದು ಶುರು ಆಗಿದ್ದು ಮೋಜಿನ ಕೂಟದಾಗ!

1772ರಾಗ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಅನ್ನೋ ವಿಜ್ಞಾನಿ ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ತಯಾರು ಮಾಡಿದ. 1799ರಾಗ ಬ್ರಿಸ್ಟಲ್ ಊರಾಗ ಹಂಫ್ರಿ ಡೇವಿ ಅನ್ನೋ 20 ವರ್ಷದ ಹುಡುಗ ಅದನ್ನ ರೇಶ್ಮಿ ಚೀಲದಾಗ ತುಂಬಿ ಉಸರಿನ ಜೋಡಿ ಎಳಕೊಂಡು ನೋಡಿದ. ತಲಿ ಹಗುರಾತು, ನಗಿ ತಡೀಲಾರದಂಗಾತು. ಗೆಳ್ಯಾರನ್ನೂ ಕರದ. ಕೋಲ್‌ರಿಜ್, ಸದಿ ಅಂಥಾ ಕವಿಗಳೂ ಬಂದು ಎಳದು ನಕ್ರು. ಅದಕ್ಕ 'ನಗಿಸೋ ಗಾಳಿ' ಅಂತನ ಹೆಸರಾತು.

ಡೇವಿಗೆ ಆವಾಗ ಒಂದು ದವಡಿ ಹಲ್ಲು ನೋಯ್ತಿತ್ತು. ಗಾಳಿ ಎಳಕೊಂಡಾಗ ನೋವು ಕಡಿಮಿ ಆದದ್ದು ಅವನ ಗಮನಕ್ಕ ಬಂತು. ಶಸ್ತ್ರಚಿಕಿತ್ಸಾಕ್ಕ ಇದು ಉಪಯೋಗ ಆದೀತು ಅಂತ 1800ರಾಗ ಪುಸ್ತಕದಾಗೂ ಬರದ. ಆದ್ರ ಮುಂದ ತಾನೂ ಬ್ಯಾರೆ ಕೆಲಸಕ್ಕ ಹ್ವಾದ, ಓದಿದವರೂ ಸುಮ್ಮನಾದ್ರು. ಮಂದಿ ನಕ್ಕೋತ ಇದ್ರು, ಅಷ್ಟ.

ಆ ಸುಮ್ಮನಿದ್ದದ್ದಕ್ಕ ಬೆಲೆ ಕೊಟ್ಟವರು ಯಾರು? 1811ರಾಗ ಪ್ಯಾರಿಸ್ಸಿನೊಳಗ ಫ್ಯಾನಿ ಬರ್ನಿ ಅನ್ನೋ ಕಾದಂಬರಿಗಾರ್ತಿಗೆ ಎದಿಯೊಳಗ ಗಂಟಾಗಿತ್ತು. ಆಕಿಗೆ ಆವಾಗ 59 ವರ್ಷ. ಕುಡೀಲಿಕ್ಕೆ ಒಂದೀಟು ವೈನ್ ಕೊಟ್ಟು, ಮಾರಿ ಮ್ಯಾಲೆ ತೆಳ್ಳನ್ನ ಅರಿವಿ ಹಾಕಿ, ಎಚ್ಚರಿದ್ದಾಗನ ಎದಿ ಕೊಯ್ದು ತಗದ್ರು. ಆ ಅರಿವಿಯೊಳಗಿಂದ ಆಕಿಗೆ ಕತ್ತಿ ಹೊಳಿಯೋದು ಸೈತ ಕಾಣಸ್ತಿತ್ತಂತ. ಅದನ್ನೆಲ್ಲಾ ಅಕ್ಕಗ ಪತ್ರದಾಗ ಬರದು ಮುಗಸಲಿಕ್ಕೆ ಆಕಿಗೆ ತಿಂಗಳುಗಟ್ಟಲೆ ಹಿಡೀತು. ಆದ್ರೂ ಗಟ್ಟಿ ಹೆಂಗಸು, 87 ವರ್ಷ ಬಾಳಿದಳು.

ಇನ್ನ ಅಮೆರಿಕಾದ ಮಾತು. 1844ರ ಡಿಸೆಂಬರ್ 10ಕ್ಕ ಹಾರ್ಟ್‌ಫರ್ಡ್ ಊರಾಗ ಕೋಲ್ಟನ್ ಅನ್ನಾಂವ ಟಿಕೇಟ್ ಇಟ್ಟು ಇದ ಗಾಳಿಯ ತಮಾಷಾ ತೋರಸ್ತಿದ್ದ. ಕೂಲಿ ಅನ್ನೋ ಹುಡುಗ ಗಾಳಿ ಎಳದು ಜಿಗದಾಡ್ಲಿಕ್ಕೆ ಹತ್ತಿದ, ಬೆಂಚಿಗೆ ಬಡದು ಕಾಲಿಂದ ರಕ್ತ ಬಂತು. ಕೂಡಿದ ಮಂದಿ ಬಿದ್ದು ಬಿದ್ದು ನಕ್ರು. ಅಲ್ಲೇ ಕೂತಿದ್ದ ಹೊರೇಸ್ ವೆಲ್ಸ್ ಅನ್ನೋ ಹಲ್ಲಿನ ಡಾಕ್ಟರು ಮಾತ್ರ ಆ ಕಾಲು ನೋಡಿದ. 'ನೋವಾಗ್ಲಿಲ್ಲೇನು?' ಅಂತ ಕೇಳಿದ್ರ ಆ ಹುಡುಗಗ ಪೆಟ್ಟು ಬಿದ್ದದ್ದ ಗೊತ್ತಿರಲಿಲ್ಲ! ಮರುದಿನನ ವೆಲ್ಸ್ ಗಾಳಿ ಎಳಕೊಂಡು ತನ್ನ ಹಲ್ಲನ್ನ ಕೀಳಸಿದ. ನೋವಾಗ್ಲಿಲ್ಲ.

ಕತಿ ಇಲ್ಲಿಗೆ ಸುಖವಾಗಿ ಮುಗದಿದ್ರ ಛಲೋ ಇತ್ತು. ಮುಂದಿನ ತಿಂಗಳು ಬಾಸ್ಟನ್ನಿನೊಳಗ ಕಲ್ತವರ ಮುಂದ ತೋರಸ್ಲಿಕ್ಕೆ ಹೋದಾಗ ಗಾಳಿ ಸಾಕಾಗಲಿಲ್ಲ, ರೋಗಿ ಚೀರಿದ. 'ಮೋಸ' ಅಂತ ಎಲ್ಲಾರೂ ಹಂಗಿಸಿದ್ರು. 1846ರ ಅಕ್ಟೋಬರ್ 16ಕ್ಕ ಅದ ಊರಾಗ, ಅವನ ಜೋಡಿ ಕೆಲಸ ಮಾಡಿದ್ದ ಮಾರ್ಟನ್ ಅನ್ನಾಂವ ಈಥರ್ ಕೊಟ್ಟು ಗೆದ್ದ, ಹೆಸರು ಅವಂದಾತು. ವೆಲ್ಸ್ ತನ್ನ ಮ್ಯಾಲೆನ ಕ್ಲೋರೋಫಾರ್ಮ್ ಪ್ರಯೋಗ ಮಾಡ್ಕೋತ ಬುದ್ಧಿ ಸ್ಥಿಮಿತ ಕಳಕೊಂಡು, 1848ರಾಗ ಜೈಲಿನೊಳಗ ತನ್ನ ಕೈಯಾರೆ ಜೀವ ಬಿಟ್ಟ. ಬರೇ 33 ವರ್ಷ. 1864ರಾಗ ಅಮೆರಿಕಾದ ಹಲ್ಲಿನ ಡಾಕ್ಟರ್ ಸಂಘ ಇದನ್ನ ಕಂಡು ಹಿಡದಾಂವ ವೆಲ್ಸ್‌ನ ಅಂತ ಒಪ್ಪಿತು. ಏನ್ ಬಂತು, ನೋಡ್ಲಿಕ್ಕೆ ಅವನ ಇರಲಿಲ್ಲ.

ಈಗ ಬ್ರಿಟನ್ನಿನ ಹೆರಿಗಿ ಆಸ್ಪತ್ರಿಯೊಳಗ ಇದ ಗಾಳಿಗೆ ಅರ್ಧಕ್ಕರ್ಧ ಆಕ್ಸಿಜನ್ ಕೂಡಿಸಿ ಬ್ಯಾನಿ ತಿನ್ನೋ ಹೆಣ್ಣಮಕ್ಕಳಿಗೆ ಕೊಡ್ತಾರ. ಆದ್ರ ಪಾರ್ಟಿ ಮೋಜಿಗಂತ ಇದನ್ನ ಎಳಿಯೋ ಚಟ ಬ್ಯಾಡವೇ ಬ್ಯಾಡ. ಮ್ಯಾಲಿಂದ ಮ್ಯಾಲೆ ಎಳದ್ರ ಬಿ12 ಜೀವಸತ್ವ ಕೆಲಸಕ್ಕ ಬಾರದಂಗಾಗಿ ನರ ಕೆಡ್ತಾವ, ಕೈಕಾಲು ಜೋಮು ಹಿಡೀತಾವ. ಮನ್ಯಾಗ ಹರೇದ ಹುಡುಗರಿದ್ರ ಒಂದು ಮಾತು ಹೇಳಿಡ್ರಿ.

ಡೇವಿಯ ಪುಸ್ತಕದಿಂದ ವೆಲ್ಸ್‌ನ ಹಲ್ಲಿನ ತನಕ 44 ವರ್ಷ. ಅಷ್ಟೂ ವರ್ಷ ಔಷಧ ಕೈಯಾಗ ಇತ್ತು, ಎಷ್ಟು ಮಂದಿ ಚೀರಿದ್ರೋ ದೇವರಿಗೇ ಗೊತ್ತು. ನಗೋದು ತಪ್ಪಲ್ರಿ. ನಗೋವಾಗ ಬಾಜೂದವರ ಕಾಲಿಗೆ ಪೆಟ್ಟಾಗೇದೇನು ಅಂತನೂ ಒಮ್ಮೆ ನೋಡಬೇಕು.