ನಿಲಯಪಾಲಕಿ (ಬಾಲಕಿಯರ ವಿದ್ಯಾರ್ಥಿನಿಲಯ)

ಬಾಲಕಿಯರ ವಿದ್ಯಾರ್ಥಿನಿಲಯದ ಸುರಕ್ಷತೆ ಮತ್ತು ದಿನನಿತ್ಯದ ಆಡಳಿತದ ಹೊಣೆ ಹೊತ್ತ ಅಧಿಕಾರಿ, ಆಡುಮಾತಿನಲ್ಲಿ ವಾರ್ಡನ್. ಕರ್ನಾಟಕದಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮೊದಲಾದ ಇಲಾಖೆಗಳು ಮೆಟ್ರಿಕ್ ಪೂರ್ವ ಮತ್ತು ಮೆಟ್ರಿಕ್ ನಂತರದ ನಿಲಯಗಳನ್ನು ನಡೆಸುತ್ತವೆ. ಅಡುಗೆಯವರು, ಸಹಾಯಕರು, ಕಾವಲುಗಾರರು ನಿಲಯಪಾಲಕಿಯ ಕೈಕೆಳಗೆ ದುಡಿಯುತ್ತಾರೆ.

ಕೆಲಸದ ತಿರುಳಿರುವುದು ಸಂಜೆಯ ಹಾಜರಾತಿ ಮತ್ತು ಚಲನವಲನ ಪುಸ್ತಕದಲ್ಲಿ. ಹಬ್ಬಕ್ಕೆ ಊರಿಗೆ ಕರೆದೊಯ್ಯಲು ಹುಡುಗಿಯ ಚಿಕ್ಕಪ್ಪನೆಂದು ಒಬ್ಬರು ಬಂದರೆನ್ನಿ: ಗುರುತಿನ ಚೀಟಿ ನೋಡಿ, ತಂದೆತಾಯಿಗೆ ಫೋನ್ ಮಾಡಿ, ಹುಡುಗಿಯನ್ನೂ ಒಂಟಿಯಾಗಿ ಕೇಳಿ, ಹೊತ್ತು ಬರೆದು ಸಹಿ ಪಡೆದ ಮೇಲೆಯೇ ಕಳುಹಿಸುವುದು ಸರಿಯಾದ ಕ್ರಮ. ರಾತ್ರಿ ಗೇಟಿಗೆ ಬೀಗ ಹಾಕಿದರೆ ಸಾಲದು. ಬೆಂಕಿ ಬಿದ್ದಾಗ ಕೀಲಿಕೈ ಯಾರ ಬಳಿಯಿದೆ ಎಂಬುದು ಮಕ್ಕಳಿಗೂ ತಿಳಿದಿರಬೇಕು. ಬೀಗವನ್ನೇ ಸುರಕ್ಷತೆಯೆಂದು ಬಗೆಯುವುದು ನಮ್ಮಲ್ಲಿ ಹಳೆಯ ಚಾಳಿ. ಸಿಸಿಟಿವಿ ಗೇಟು, ಮೊಗಸಾಲೆಗಳಿಗಷ್ಟೇ ತಕ್ಕುದು, ಕೋಣೆಗಳಿಗಲ್ಲ.

ಕಾಲೇಜು ನಿಲಯಗಳಿಗೆ ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳು ಅನ್ವಯಿಸುತ್ತವೆ. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ. ನಿಲಯದ ಮರ್ಯಾದೆಯ ನೆಪ ಇಲ್ಲಿ ನಡೆಯದು. ಅಧೀನ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಮಕ್ಕಳು ನೇರವಾಗಿ ಕರೆ ಮಾಡಬಹುದಾದ ಉಚಿತ ಸಹಾಯವಾಣಿ 1098.